ಒಂಬತ್ತು ವರ್ಷ ಹೊತ್ತ ಬೆನ್ನುಚೀಲ

ನಮ್ಮ ಮನೆಯಲ್ಲಿ ವಾಹನವಿಲ್ಲ. ಚಿಕ್ಕಮಗಳೂರಿನ ಬಸವನಹಳ್ಳಿಯಿಂದ ಮಾರ್ಕೆಟ್ ರಸ್ತೆಗೆ, ಎಂ.ಜಿ. ರಸ್ತೆಯ ಕಾಫಿ ಪುಡಿ ಅಂಗಡಿಗೆ, ಬ್ಯಾಂಕಿಗೆ, ಔಷಧಿ ಅಂಗಡಿಗೆ ನಾನು ನಡೆದೇ ಹೋಗುತ್ತೇನೆ; ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೂ ಈ ಅಭ್ಯಾಸ ತಪ್ಪಿಲ್ಲ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದಾಗ, ಇನ್ನು ಮನೆಯಿಂದ ಚೀಲ ಹಿಡಿದೇ ಹೊರಡಬೇಕಲ್ಲ ಎಂದು ಕಡುನೀಲಿ ಬಣ್ಣದ ಒಂದು ಬೆನ್ನುಚೀಲವನ್ನು ಕೊಂಡಿದ್ದೆ. ಎರಡೂ ಕೈಗಳಲ್ಲಿ ಬಟ್ಟೆಚೀಲಗಳನ್ನು ತೂಗಿಕೊಂಡು ಬರುವಾಗ ಬೆರಳುಗಳ ಬುಡದಲ್ಲಿ ಏಳುತ್ತಿದ್ದ ಕೆಂಪು ಗೆರೆಗಳು ಅಂದಿನಿಂದ ನಿಂತವು. ಮಳೆಗಾಲದಲ್ಲಿ ಒಂದು ಕೈ ಕೊಡೆಗೆ, ಪಾಚಿಗಟ್ಟಿದ ಕಡೆ ಗೋಡೆ ಹಿಡಿಯಲು ಇನ್ನೊಂದು ಕೈ, ಎರಡೂ ನನಗೆ ಮರಳಿ ಸಿಕ್ಕವು.

ಆ ಚೀಲದಲ್ಲಿ ಮೊದಲು ಹೋದದ್ದು ಒಳಗಿನ ಲೇಪ. ನೀರು ಇಳಿಯದಿರಲೆಂದು ಇಂಥ ಬಟ್ಟೆಯ ಒಳಮೈಗೆ ಪಾಲಿಯುರೆಥೇನಿನ ತೆಳುವಾದ ಲೇಪವನ್ನು ಕೊಟ್ಟಿರುತ್ತಾರೆ. ವರ್ಷಗಟ್ಟಲೆ ತೇವ ತಾಗಿದರೆ ಅದು ಮೊದಲು ಅಂಟಂಟಾಗಿ, ಆಮೇಲೆ ಹೊಟ್ಟಿನಂತೆ ಉದುರತೊಡಗುತ್ತದೆ. ದಂಟಿನ ಸೊಪ್ಪಿನ ಮೇಲೆ ಬಿಳಿಯ ಚೂರುಗಳನ್ನು ಕಂಡು ಸೊಪ್ಪಿಗೇ ಏನೋ ರೋಗ ಬಂದಿದೆ ಎಂದು ನಾನು ಒಂದು ವಾರ ತಪ್ಪು ತಿಳಿದಿದ್ದೆ. ಬಳಿಕ ಜಿಪ್ಪಿನ ರನ್ನರ್ ಸವೆದು, ಅದರ ಬಾಯಿ ಅಗಲವಾಗಿ, ಎಳೆದ ಮೇಲೂ ಹಲ್ಲುಗಳು ಕೂಡದೆ ಹಿಂದೆಯೇ ಬಿಚ್ಚಿಕೊಳ್ಳುತ್ತಿದ್ದವು. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯಲು ಕೂರುವ ಹಿರಿಯರೊಬ್ಬರು ಇಕ್ಕಳದಿಂದ ರನ್ನರಿನ ಎರಡು ಅಂಚುಗಳನ್ನು ಮೆಲ್ಲಗೆ ಒತ್ತಿಕೊಟ್ಟರು. ಅದು ಮತ್ತೆ ಎರಡು ವರ್ಷ ಬಾಳಿತು. ಭುಜದ ಪಟ್ಟಿಯನ್ನೂ ಅವರು ಎರಡು ಸಲ ಹೊಲಿದುಕೊಟ್ಟಿದ್ದರು.

ಕಳೆದ ಆಷಾಢದ ಒಂದು ಬೆಳಿಗ್ಗೆ ಚೀಲದಲ್ಲಿ ಎರಡು ಕೆ.ಜಿ. ರಾಗಿ ಹಿಟ್ಟು, ಮೂರು ಕೆ.ಜಿ. ತರಕಾರಿ, ಒಂದು ಲೀಟರ್ ಎಣ್ಣೆ, ಅರ್ಧ ಕೆ.ಜಿ. ಕಾಫಿ ಪುಡಿ ಇದ್ದವು. ಎಣ್ಣೆಯ ಪೊಟ್ಟಣದ ಮೇಲೆ 910 ಗ್ರಾಂ ಎಂದೇ ಬರೆದಿರುವುದರಿಂದ ಒಟ್ಟು ಭಾರ ಆರೂವರೆ ಕೆ.ಜಿ.ಯ ಹತ್ತಿರವಿತ್ತೆಂದು ಹೇಳಬಲ್ಲೆ. ಹನುಮಂತಪ್ಪ ವೃತ್ತವನ್ನು ದಾಟುತ್ತಿದ್ದಾಗ ಬಲಭುಜ ಸ್ವಲ್ಪಸ್ವಲ್ಪವಾಗಿ ಹಗುರಾಗುತ್ತಿರುವಂತೆಯೂ ಎಡಭುಜ ಅಷ್ಟೇ ನಿಧಾನವಾಗಿ ಕೆಳಗೆ ಎಳೆಯುತ್ತಿರುವಂತೆಯೂ ಅನ್ನಿಸಿತು. ಒಂದು ಅಂಗಡಿಯ ಮುಂಗಟ್ಟಿನ ಕೆಳಗೆ ನಿಂತು ನೋಡಿದರೆ ಪಟ್ಟಿ ಚೀಲಕ್ಕೆ ಕೂಡುವ ಕೆಳಗಿನ ಮೂಲೆಯಲ್ಲಿ ನಾಲ್ಕಾರು ಎಳೆಗಳಷ್ಟೇ ಉಳಿದಿದ್ದವು. ಕೊಡೆ ಮಡಚಿ, ಎಳೆಯ ಮಗುವನ್ನು ಎತ್ತಿಕೊಂಡಂತೆ ಚೀಲವನ್ನು ಎದೆಗೆ ಅವಚಿಕೊಂಡು, ಆ ಜಿಟಿಜಿಟಿ ಮಳೆಯಲ್ಲಿ ನೆನೆಯುತ್ತಲೇ ಮನೆ ಸೇರಿದೆ. ಕಾಫಿ ಪುಡಿ ನೆನೆಯಲಿಲ್ಲ ಎಂಬುದೇ ಆಗಿನ ಸಮಾಧಾನ.

ಮರುದಿನ ಅದೇ ಹಿರಿಯರ ಬಳಿಗೆ ಹೋದೆ. ಅವರು ಹರಿದ ಜಾಗವನ್ನು ಎರಡು ಹೆಬ್ಬೆರಳುಗಳ ನಡುವೆ ಹಿಗ್ಗಿಸಿ ನೋಡಿ, ಚೀಲವನ್ನು ನನ್ನ ಕೈಗೇ ಮರಳಿಸಿದರು. "ಟೀಚರಮ್ಮ, ದಾರ ಗಟ್ಟಿಯಾಗೇ ಇದೆ, ಬಟ್ಟೆ ಸೋತೋಗಿದೆ. ನಾ ಹೊಲಿದ್ರೂ ಸೂಜಿ ತೂತಿನ ಸಾಲಲ್ಲೇ ಹರಿಯುತ್ತೆ. ಇದಕ್ಕೆ ನಿಮ್ಮತ್ರ ದುಡ್ಡು ಈಸ್ಕೊಂಡ್ರೆ ಸರಿಹೋಗಲ್ಲ" ಎಂದರು. ಬರುವ ಕೂಲಿಯನ್ನು ಬಿಟ್ಟು ಹೀಗೆ ನಿಜ ಹೇಳುವವರ ಮೇಲೆ ನನಗಿರುವ ಗೌರವ ದೊಡ್ಡದು. "ಹಾಗಾದ್ರೆ ಹೊಸದರಲ್ಲಿ ಏನು ನೋಡ್ಬೇಕು, ಯಜಮಾನರೇ?" ಎಂದು ಕೇಳಿದೆ. ಅವರು ಚೀಲವನ್ನು ಮತ್ತೆ ಇಸಿದುಕೊಂಡು ಒಳಮೈಯನ್ನು ಹೊರಗೆ ಮಗುಚಿದರು. ಬಟ್ಟೆಯ ಅಂಚು ಬೆತ್ತಲೆಯಾಗಿರದೆ ಪೈಪಿಂಗ್ ಪಟ್ಟಿಯೊಳಗೆ ಸೇರಿರಬೇಕು. ಪಟ್ಟಿ ಕೂಡುವಲ್ಲಿ ಒಂದೇ ಸಾಲಿನ ಹೊಲಿಗೆಯಿರದೆ, ಚೌಕ ಹಾಕಿ ಅದರೊಳಗೆ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹೊಲಿದಿರಬೇಕು. ಕೆಳಗಿನ ಪಟ್ಟಿಯನ್ನು ನೇರವಾಗಿ ಹೊಲಿಗೆಗೆ ಸಿಕ್ಕಿಸದೆ ತ್ರಿಕೋನದ ಬಟ್ಟೆಯ ತುಂಡಿನ ಮೂಲಕ ಕೂಡಿಸಿರಬೇಕು, ಆಗ ಎಳೆತ ಒಂದೇ ಬಿಂದುವಿಗೆ ಬೀಳದೆ ಅಗಲಕ್ಕೆ ಹಂಚಿಹೋಗುತ್ತದೆ. ಮೂವತ್ತು ವರ್ಷ ಪಾಠ ಹೇಳಿದ ನಾನು ಇಷ್ಟು ಅಚ್ಚುಕಟ್ಟಾದ ಪಾಠವನ್ನು ರಸ್ತೆಯ ಬದಿಯಲ್ಲಿ ನಿಂತು ಕೇಳಿದೆ.

ಮೊದಲ ಅಂಗಡಿಯವರು ಚೀಲವನ್ನು ಮಗುಚಲು ಬಿಡಲಿಲ್ಲ. ಅಲ್ಲಿ ಹೆಚ್ಚು ನಿಲ್ಲಲಿಲ್ಲ. ಎರಡನೆಯ ಅಂಗಡಿಯಲ್ಲಿ ಎಲ್ಲವೂ ಲ್ಯಾಪ್‌ಟಾಪಿಗಾಗಿ ಮಾಡಿದ ಚೀಲಗಳು. ಒಳಗಿನ ಮೆತ್ತೆಯೇ ಅರ್ಧ ಜಾಗ ತಿನ್ನುತ್ತಿತ್ತು. ಕುಂಬಳಕಾಯಿ ಹೊರುವವರಿಗೆ ಬೇಕಾದದ್ದು ಒಂದು ದೊಡ್ಡ ಹೊಟ್ಟೆ, ಹೊರಗೆ ಕೊಡೆ ನಿಲ್ಲಿಸಲು ಒಂದು ಜೇಬು, ಅಷ್ಟೇ. ಮೂರನೆಯ ಅಂಗಡಿಯ ಹುಡುಗ ತಾಳ್ಮೆಯವನು. ಚೀಟಿಯಲ್ಲಿದ್ದ 600 ಡೆನಿಯರ್ ಎಂಬುದರ ಅರ್ಥವನ್ನು ಅವನೇ ಬಿಡಿಸಿ ಹೇಳಿದ: 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಅದರ ಡೆನಿಯರ್, ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ಸಾಮಾನು ತುಂಬಿ ನಡೆದು ನೋಡಬಹುದೇ ಎಂದು ಕೇಳಿದಾಗ ಅವನು ಬೇಡವೆನ್ನಲಿಲ್ಲ. ಪಕ್ಕದ ದಿನಸಿ ಅಂಗಡಿಯಿಂದ ಹೇಗೂ ಬೇಕಿದ್ದ ಐದು ಕೆ.ಜಿ. ಅಕ್ಕಿಯನ್ನು ತಂದು, ಬೂದು ಬಣ್ಣದ 25 ಲೀಟರ್ ಚೀಲಕ್ಕೆ ಹಾಕಿ, ಅಂಗಡಿಯೊಳಗೇ ಹತ್ತು ನಿಮಿಷ ತಿರುಗಾಡಿದೆ. ಪಟ್ಟಿಗಳನ್ನು ಬಿಗಿಮಾಡಿದಾಗ ಭಾರ ಸೊಂಟದ ಮೇಲೆ ಜೋತಾಡದೆ ಬೆನ್ನಿಗೆ ಅಂಟಿ ನಿಂತಿತು. ತೂಕ ಹಾಕದೆ ಬೆನ್ನುಚೀಲವನ್ನು ಕೊಳ್ಳುವುದು ಕಾಲಿಗೆ ಹಾಕಿ ನೋಡದೆ ಚಪ್ಪಲಿ ಕೊಂಡಂತೆಯೇ ಸರಿ ಎಂದು ನನಗೆ ಅಂದು ಖಚಿತವಾಯಿತು.

ಯಜಮಾನರು ಹೇಳಿದ ಗುರುತುಗಳಲ್ಲಿ ಪೈಪಿಂಗ್ ಇತ್ತು, ಚೌಕದ ಹೊಲಿಗೆ ಇತ್ತು. ಕೆಳಗಿನ ತ್ರಿಕೋನದ ತುಂಡು ಮಾತ್ರ ಇರಲಿಲ್ಲ. ಆದರೂ ಅದನ್ನೇ ಕೊಂಡು, ಅಕ್ಕಿಯನ್ನು ಮನೆಗೆ ಮುಟ್ಟಿಸಿ, ಹಳೆಯ ಚೀಲವನ್ನು ಹೊಸದರೊಳಗಿಟ್ಟುಕೊಂಡು ಮಧ್ಯಾಹ್ನ ಮತ್ತೆ ಅವರ ಬಳಿಗೆ ನಡೆದೆ. ಹಳೆಯದನ್ನು ಕಸದ ಗಾಡಿಗೆ ಹಾಕಲು ಮನಸ್ಸು ಒಪ್ಪಿರಲಿಲ್ಲ. ಅವರು ಅದರ ಎರಡು ಬಕಲ್‌ಗಳನ್ನೂ ರನ್ನರನ್ನೂ ಬಿಚ್ಚಿ ತಮ್ಮ ತಗಡಿನ ಡಬ್ಬಿಗೆ ಹಾಕಿಕೊಂಡರು. ಬಳಿಕ, ಸದಾ ಬೆನ್ನಿಗೊತ್ತಿಕೊಂಡಿದ್ದು ಮಳೆ ತಾಗದೆ ಗಟ್ಟಿಯಾಗಿಯೇ ಉಳಿದಿದ್ದ ಭಾಗದಿಂದ ಎರಡು ತ್ರಿಕೋನಗಳನ್ನು ಕತ್ತರಿಸಿ, ನೈಲಾನ್ ದಾರಕ್ಕೆ ಮೇಣ ಉಜ್ಜಿ, ದಬ್ಬಳದಿಂದ ಹೊಸ ಚೀಲದ ಕೆಳಗಿನ ಎರಡೂ ಮೂಲೆಗಳಿಗೆ ಹೊಲಿದರು. ಬೂದು ಚೀಲದ ಮೇಲೆ ಕಡುನೀಲಿಯ ಎರಡು ತೇಪೆಗಳು.

ಹಳೆಯ ಚೀಲದ ತಳದ ಹೊಲಿಗೆಯನ್ನು ಬಿಚ್ಚುವಾಗ ಮೂಲೆಯಿಂದ ಕಂದು ಬಣ್ಣದ ಪುಡಿ ಅವರ ಮೊಣಕಾಲಿನ ಗೋಣಿಯ ಮೇಲೆ ಉದುರಿತ್ತು. ಅದನ್ನು ಬೆರಳಿನಲ್ಲಿ ತೆಗೆದು ಮೂಸಿ, "ಕಾಫಿ ಪುಡಿ, ಟೀಚರಮ್ಮ" ಎಂದಿದ್ದರು. ಹೊಲಿಗೆಗೆ ಅರವತ್ತು ರೂಪಾಯಿ ಕೊಟ್ಟು, ಚೀಲವನ್ನು ಬೆನ್ನಿಗೇರಿಸಿ, ಆ ತಿಂಗಳ ಇನ್ನರ್ಧ ಕೆ.ಜಿ. ಪುಡಿಗಾಗಿ ಎಂ.ಜಿ. ರಸ್ತೆಯ ಕಡೆಗೆ ಹೊರಟೆ.