ಹದಿನೈದನೇ ದಿನ

18 ಡಿಸೆಂಬರ್ 2024, ಬುಧವಾರ, ರಾತ್ರಿ

ಸಂಜೆ ಬಸಣ್ಣನ ಫೋನು. "ಸರ, ಬಲೆಯಾಗ ಪತಂಗ ಬಿದ್ದು ಹದಿನೈದು ದಿನ ಆತು. ಮುಂಗಾರಿನ್ಯಾಗ ಹೊಡದಂಗ ನಾಳೆ ಎಣ್ಣಿ ಹೊಡೀಲೇನ್ರಿ?"

ಬೆಳೆ ಗೋವಿನಜೋಳ, ಕಾಟ ಫಾಲ್ ಸೈನಿಕ ಹುಳುವಿನದು. ಬಲೆ ಅಂದರೆ ಅದರ ಪತಂಗವನ್ನು ಸೆಳೆಯುವ ಮೋಹಕ ಬಲೆ, ಎಣ್ಣೆ ಅಂದರೆ ಕೀಟನಾಶಕ. 2018ರಲ್ಲಿ ಶಿವಮೊಗ್ಗದಲ್ಲಿ ಕಂಡಾಗಿನಿಂದ ಈ 'ಹದಿನೈದು ದಿನ' ಎಲ್ಲರ ಬಾಯಲ್ಲಿದೆ. ಆದರೆ ಹುಳು ಬೆಳೆಯುವುದು ಬಿಸಿಯ ಮೇಲೆ. ದಿನದ ಗರಿಷ್ಠ, ಕನಿಷ್ಠ ಕೂಡಿಸಿ ಎರಡರಿಂದ ಭಾಗಿಸಿ, ಅದರಲ್ಲಿ ಸುಮಾರು 12.6 ಕಳೆದರೆ ಆ ದಿನದ ಗಳಿಕೆ; ಅದಕ್ಕಿಂತ ಕೆಳಗೆ ಹುಳು ಬೆಳೆಯದು. ಅದನ್ನೇ ಡಿಗ್ರಿ-ದಿನ ಅನ್ನುವುದು. ಮೊಟ್ಟೆಗೆ 36, ಮರಿಹುಳುವಿಗೆ 205, ಕೋಶಕ್ಕೆ 150, ಒಟ್ಟು 391. ದಕ್ಷಿಣ ಆಫ್ರಿಕಾದ ಪ್ರಯೋಗಾಲಯದಲ್ಲಿ 18ರಿಂದ 32 ಡಿಗ್ರಿಯವರೆಗೆ ಸಾಕಿ ತೆಗೆದ ಲೆಕ್ಕ ಇದು.

ಗರಿಷ್ಠ 30, ಕನಿಷ್ಠ 20 ಇರುವ ಮುಂಗಾರಿನಲ್ಲಿ ಸರಾಸರಿ 25. ಮೂರು ದಿನಕ್ಕೆ ಮೊಟ್ಟೆ ಒಡೆದು, ಹದಿನಾರೂವರೆ ದಿನ ಹುಳು. ಅಂದರೆ ಹದಿನೈದನೇ ದಿನಕ್ಕೆ ಅದು ಬಲಿತು, ಸುಳಿಯಲ್ಲಿ ಹಿಕ್ಕೆಯ ಬಿರಡೆ ಹಾಕಿಕೊಂಡು ಕೂತಿರುತ್ತದೆ. ಆಗಲೂ ಬಸಣ್ಣ ಹೊಡೆದದ್ದು ತಡವೇ. ಏಪ್ರಿಲ್‌ನಲ್ಲಿ ಸರಾಸರಿ 29 ಆದರೆ ಹದಿನೈದು ದಿನದೊಳಗೇ ಹುಳು ಮಣ್ಣಿಗಿಳಿದು ಕೋಶವಾಗುತ್ತದೆ. ಮರುದಿನ ಹೊಡೆದ ಎಣ್ಣೆ ಖಾಲಿ ಸುಳಿಗೆ. ಈಗ 28, 14ರ ಚಳಿ. ಮೊಟ್ಟೆಗೇ ನಾಲ್ಕು ದಿನಕ್ಕೂ ಹೆಚ್ಚು, ಹುಳುವಿಗೆ ಇಪ್ಪತ್ನಾಲ್ಕು. ಇವತ್ತಿಗೆ ಅರ್ಧ ವಯಸ್ಸೂ ತುಂಬಿಲ್ಲ.

"ಹಂಗಾರ ಇನ್ನೂ ಟೈಮ್ ಐತಿ ಅನ್ರಿ?"

ಇಲ್ಲ ಮಾರಾಯ. ಹುಳುವಿಗಿರುವುದು ಆರು ಹಂತ. ಎಣ್ಣೆ ಚೆನ್ನಾಗಿ ತಾಗುವುದು ಮೂರನೇ ಹಂತದವರೆಗೆ. ಅದು ದಾಟುವ ಹೊತ್ತು ಇದೇ. ಬೆಳಿಗ್ಗೆ ಹೊಲದ ಐದು ಕಡೆ ಸುಳಿ ಬಿಚ್ಚಿ ನೋಡು ಅಂದೆ. ಸಣ್ಣವೇ ಹೆಚ್ಚಿದ್ದರೆ ಇಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ (ನೀರಲ್ಲಿ ಕರಗುವ ಹರಳಿನ ಕೀಟನಾಶಕ), ಲೀಟರಿಗೆ 0.4 ಗ್ರಾಂ, ನಾಜಲ್ ಸುಳಿಗೇ ಹಿಡಿದು. ಬಲಿತವು ಸಿಕ್ಕರೆ ವಿಷ ಪಾಷಾಣ, ಅಂದರೆ ಸುಳಿಗೆ ಹಾಕುವ ವಿಷದ ತಿನಿಸು: 10 ಕೆ.ಜಿ. ಅಕ್ಕಿ ತೌಡು, 2 ಕೆ.ಜಿ. ಬೆಲ್ಲ, ಎರಡು ಮೂರು ಲೀಟರ್ ನೀರಲ್ಲಿ ಕಲಸಿ ಒಂದು ದಿನ ಹುಳಿಯಬೇಕು. ಥಯೋಡಿಕಾರ್ಬ್ 100 ಗ್ರಾಂ ಸೇರಿಸುವುದು ಹಾಕುವ ಅರ್ಧ ಗಂಟೆ ಮುಂಚೆ, ಕೈಗವಸು ಹಾಕಿಕೊಂಡು. ದನಕ್ಕೆ ಮೇವು ಕೊಯ್ಯುವ ಸಾಲಿಗೆ ಬೇಡ.

ಈ ಲೆಕ್ಕವನ್ನೂ ಪೂರ್ತಿ ನಂಬುವ ಹಾಗಿಲ್ಲ. ಬಲೆಗೆ ಬೀಳುವುದು ಗಂಡು. ಹೆಣ್ಣು ಎಂದು ಮೊಟ್ಟೆ ಇಟ್ಟಿತೋ ಅದು ಹೇಳದು. ಒಂದೇ ರಾತ್ರಿ ಎಲ್ಲ ಇಡುವುದೂ ಇಲ್ಲ, ಆದ್ದರಿಂದ ಒಂದೇ ಸಾಲಿನಲ್ಲಿ ಕೂದಲೆಳೆಯಂಥದ್ದೂ ಬಲಿತು ದಪ್ಪಗಾದದ್ದೂ ಸಿಗುತ್ತವೆ. ಬೀದರ್ ಕಡೆ ಕನಿಷ್ಠ 9ಕ್ಕೆ ಇಳಿದ ದಿನ ಬರೀ ಸರಾಸರಿ ಹಿಡಿದರೆ ಗಳಿಕೆ ಕಡಿಮೆ ಕಾಣುತ್ತದೆ. ರಾತ್ರಿಯ ಚಳಿ ಮಧ್ಯಾಹ್ನದ ಗಳಿಕೆಯನ್ನು ತಿನ್ನುವುದಿಲ್ಲವಲ್ಲ. ಮೊಬೈಲಿನ ಉಷ್ಣಾಂಶವಂತೂ ಪೇಟೆಯದು, ಹೊಲದ್ದಲ್ಲ.

ಈಗ ಹೊರಗೆ ಮೋಡ. ರಾತ್ರಿ 18ಕ್ಕೇ ನಿಂತರೆ ದಿನದ ಗಳಿಕೆ ಎಂಟರಿಂದ ಹತ್ತಕ್ಕೆ ಏರುತ್ತದೆ, ಆದರೆ ಹಗಲೂ ಬಿಸಿಲು ಬೀಳದಿದ್ದರೆ...