ಪಾದ ನೋಯದಿದ್ದರೂ ಮುಟ್ಟಿ ನೋಡಿ

‘ಕಾಲುರಿ ಇಲ್ಲ, ಜೋಮೂ ಇಲ್ಲ’ ಎಂದು ಸಕ್ಕರೆ ಕಾಯಿಲೆಯವರು ಹೇಳಿದರೆ ಪಾದ ಚೆನ್ನಾಗಿದೆ ಎಂದು ಬರೆದುಬಿಡಬೇಡಿ. ನರ ಸತ್ತ ಪಾದಕ್ಕೆ ನೋವೇ ಇರುವುದಿಲ್ಲ. ಚಪ್ಪಲಿಯಲ್ಲಿ ಸಿಕ್ಕ ಹರಳು ದಿನವಿಡೀ ಒತ್ತಿದರೂ, ಮಟಮಟ ಮಧ್ಯಾಹ್ನ ಗುಡಿಯ ಕಾದ ಚಪ್ಪಡಿ ಮೇಲೆ ಪ್ರದಕ್ಷಿಣೆ ಹಾಕಿದರೂ, ಅದು ಗೊತ್ತಾಗುವುದು ಬೊಬ್ಬೆ ಕಣ್ಣಿಗೆ ಬಿದ್ದಾಗಲೇ.

ಪರೀಕ್ಷೆಗೆ ಬೇಕಾದದ್ದು ಮಾನೋಫಿಲಮೆಂಟ್: ಹಿಡಿಕೆಯ ತುದಿಗೊಂದು ನೈಲಾನ್ ಎಳೆ, 10 ಗ್ರಾಂ ಒತ್ತಡಕ್ಕೆ ಬಾಗುವಂಥದ್ದು. ಮೊದಲು ಅವರ ಕೈಗೆ ತಾಗಿಸಿ ಹೇಗಿರುತ್ತದೆಂದು ತೋರಿಸಿ, ಆಮೇಲೆ ಕಣ್ಣು ಮುಚ್ಚಿಸಿ. ಹೆಬ್ಬೆರಳ ಅಡಿ, ಹೆಬ್ಬೆರಳು ಮತ್ತು ಕಿರುಬೆರಳ ಬುಡದ ಉಬ್ಬು, ಒಂದೊಂದು ಪಾದದಲ್ಲಿ ಈ ಮೂರು ಜಾಗ. ಎಳೆಯನ್ನು ನೆಟ್ಟಗೆ ಇಟ್ಟು, ಬಾಗುವವರೆಗೆ ಒತ್ತಿ, ಎತ್ತಿಬಿಡಿ. ಎಲ್ಲಾ ಸೇರಿ ಎರಡು ಸೆಕೆಂಡ್. ಪ್ರತಿ ಜಾಗಕ್ಕೆ ಮೂರು ಸಲ ಕೇಳಿ, ಅದರಲ್ಲೊಂದು ಸಲ ಮುಟ್ಟದೆಯೇ ಕೇಳಿ. ಎರಡು ಉತ್ತರ ತಪ್ಪಿದರೆ ಆ ಜಾಗದಲ್ಲಿ ಸ್ಪರ್ಶಜ್ಞಾನ ಹೋಗಿದೆ. ಒಂದೇ ಜಾಗ ಸತ್ತಿದ್ದರೂ ಅದು ಅಪಾಯದ ಪಾದ.

ಎಡವಟ್ಟಾಗುವುದು ಕೇಳುವ ರೀತಿಯಲ್ಲೇ. ತಾಳ ಹಾಕಿದಂತೆ ಒಂದೇ ಲಯದಲ್ಲಿ ‘ಗೊತ್ತಾಯ್ತಾ, ಗೊತ್ತಾಯ್ತಾ’ ಎಂದರೆ ಯಾರಾದರೂ ‘ಹೂಂ’ ಅನ್ನುತ್ತಾರೆ. ಮುಟ್ಟದೆ ಕೇಳುವುದು ಇದಕ್ಕೇ. ಆಣಿ, ಗಾಯದ ಕಲೆ, ದಪ್ಪ ಚರ್ಮದ ಮೇಲೆ ಒತ್ತಿದರೆ ನರ ಚೆನ್ನಾಗಿದ್ದರೂ ತಿಳಿಯದು. ಪಕ್ಕದ ಮೆತ್ತನೆ ಜಾಗ ಹುಡುಕಿ. ಚರ್ಮದ ಮೇಲೆ ಎಳೆ ಜಾರಿದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಎಳೆಗೂ ದಣಿವಿದೆ: ಸುಮಾರು ಹತ್ತು ಜನರನ್ನು ನೋಡಿದ ಮೇಲೆ 24 ಗಂಟೆ ಬಿಡಬೇಕು, ಇಲ್ಲದಿದ್ದರೆ ಕಡಿಮೆ ಒತ್ತಡಕ್ಕೇ ಬಾಗುತ್ತದೆ. ಸೊಟ್ಟಗಾದ ಎಳೆಯನ್ನು ಎಸೆಯಿರಿ.

ಎಳೆಯೊಂದನ್ನೇ ನಂಬಬೇಡಿ. 128 ಹರ್ಟ್ಸ್ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್, ಮಿಡಿದರೆ ಅದುರುವ ಲೋಹದ ಕವೆ) ಮಿಡಿಸಿ ಹೆಬ್ಬೆರಳ ತುದಿಮೂಳೆಯ ಮೇಲಿಡಿ. ‘ನಿಂತಿತು’ ಎಂದು ಅವರು ಹೇಳಿದಾಗಲೂ ನಿಮ್ಮ ಬೆರಳಿಗೆ ಅದುರು ಸಿಗುತ್ತಿದ್ದರೆ ಅವರ ಕಂಪನಜ್ಞಾನ ಕುಂದಿದೆ.

ಮನೆಯಲ್ಲಿ ಬೆರಳೇ ಸಾಕು. ಇಪ್ಸ್‌ವಿಚ್ ಸ್ಪರ್ಶಪರೀಕ್ಷೆಯಲ್ಲಿ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಗಳನ್ನು ತೋರುಬೆರಳಿಂದ ಒಂದೆರಡು ಸೆಕೆಂಡ್ ಹಗುರಾಗಿ ಮುಟ್ಟಬೇಕು. ಒತ್ತಬಾರದು, ಸವರಬಾರದು. ಆರರಲ್ಲಿ ಎರಡು ತಿಳಿಯದಿದ್ದರೆ ವೈದ್ಯರಿಗೆ ತೋರಿಸಿ.

ಟೈಪ್ 2 ಸಕ್ಕರೆ ಕಾಯಿಲೆ ಇರುವವರಿಗೆ ಕಾಯಿಲೆ ಪತ್ತೆಯಾದಾಗಲೇ ಮೊದಲ ಪರೀಕ್ಷೆ, ಟೈಪ್ 1ಕ್ಕೆ ಐದು ವರ್ಷದ ನಂತರ, ಆಮೇಲೆ ವರ್ಷಕ್ಕೊಮ್ಮೆ. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಬಹುಕಾಲ ನುಂಗಿದವರಲ್ಲಿ ಜೋಮು ಕಂಡರೆ ರಕ್ತದಲ್ಲಿ ವಿಟಮಿನ್ ಬಿ12 ಕಡಿಮೆಯಾಗಿದೆಯೇ ಎಂದೂ ನೋಡಿಸಿ.

ಸ್ಪರ್ಶವಿಲ್ಲದ ಪಾದವೊಂದು ಕೆಂಪಾಗಿ ಊದಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ, ಗಾಯವಿಲ್ಲದಿದ್ದರೂ, ಎಕ್ಸ್‌ರೇ ಸರಿಯಿದ್ದರೂ ಶಾರ್ಕೋ ಪಾದ (ನರ ಸತ್ತ ಪಾದದ ಮೂಳೆ, ಕೀಲು ಹಾಳಾಗುವ ತೊಂದರೆ) ಎಂದೇ ಶಂಕಿಸಿ. ಒಳಗೆ ಮೂಳೆ ಮುರಿಯುತ್ತಿರಬಹುದು. ಆ ಕಾಲು ಊರಿಸಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.