ಬಿದಿರು ಗಳದ ದಿನಗಳು

ಆಗಿನ್ನೂ ನಮ್ಮ ಊರು ಬಿಜಾಪುರ. ಕಾಲೇಜಿನಲ್ಲಿ ಕಬಡ್ಡಿ, ಖೋಖೋ ತಂಡಕ್ಕೆ ನೂಕುನುಗ್ಗಲು. ಅಲ್ಲಿ ಜಾಗ ಸಿಗದ ನಮ್ಮಂಥ ಕೆಲವರು ಪಿ.ಟಿ. ಸರ್ ಕೈಗೆ ಸಿಕ್ಕು ಪೋಲ್ ವಾಲ್ಟ್‌ಗೆ, ಅಂದರೆ ಉದ್ದನೆಯ ಕೋಲು ಊರಿ ಎತ್ತರದ ಅಡ್ಡಪಟ್ಟಿ ಹಾರುವ ಆಟಕ್ಕೆ ಬಂದೆವು. ಸರ್‌ಗೆ ಸಿದ್ಧೇಶ್ವರನನ್ನು ಬಿಟ್ಟರೆ ಆ ಆಟದ ದಾಖಲೆವೀರ ಸೆರ್ಗೆಯ್ ಬುಬ್ಕಾನೇ ದೇವರು.

ಫೈಬರ್ ಕೋಲನ್ನು ನಾವು ನೋಡಿದ್ದು ಪೇಪರಿನ ಚಿತ್ರದಲ್ಲಿ ಮಾತ್ರ. ಕೈಗೆ ಬಂದದ್ದು ಬಿದಿರಿನ ಗಳ, ಬೀಳಲು ಮರಳಿನ ಗುಂಡಿ. ಬೇಸಿಗೆಯಲ್ಲಿ ಹತ್ತು ಗಂಟೆಯಾದರೆ ಆ ಮರಳಿನ ಮೇಲೆ ಕಾಲಿಡೋಕೂ ಆಗುತ್ತಿರಲಿಲ್ಲ. ನಾವು ಗೊಣಗಿದರೆ ಸರ್ ವಾರ್ಮರ್ಡ್ಯಾಮ್ ಕಥೆ ತೆಗೆಯುತ್ತಿದ್ದರು. ಆ ಅಮೆರಿಕದವನು 1942ರಲ್ಲಿ 4.77 ಮೀಟರ್ ಹಾರಿದ್ದು ಬಿದಿರಿನಿಂದಲೇ. "ಗಳಕ್ಕ್ಯಾಕ ಬೈತೀರಿ? ಮೊದಲ ನೆಟ್ಟಗ ಓಡ್ರಿ!" ಅದರ ಅರ್ಧ ಎತ್ತರಕ್ಕೇ ಒದ್ದಾಡುತ್ತಿದ್ದ ನಾವು ಬಾಯಿ ಮುಚ್ಚುತ್ತಿದ್ದೆವು.

ಓಟದ ವಿಷಯದಲ್ಲಿ ಸರ್ ಹೇಳಿದ್ದು ಸರಿಯೇ. ಬುಬ್ಕಾನ ಗುಟ್ಟು ಇದ್ದದ್ದು ಅಲ್ಲೇ. ಅವನು ಕೋಲನ್ನು ಬೇರೆಯವರಿಗಿಂತ ಮೇಲೆ ಹಿಡಿಯುತ್ತಿದ್ದ. ಕೋಲೂ ಜಾಸ್ತಿ ಗಡಸು. ಅಂಥದ್ದನ್ನು ಬಗ್ಗಿಸಬೇಕಾದರೆ ಓಟದಲ್ಲಿ ವೇಗ ಬೇಕೇ ಬೇಕು. ಕೋಚ್ ವಿಟಾಲಿ ಪೆಟ್ರೋವ್ ಕಲಿಸಿದ್ದೂ ಅದೇ: ಕೋಲು ಬಾಗಿ ನೆಟ್ಟಗಾಗುವ ತನಕ ಸುಮ್ನೆ ಜೋತುಬೀಳಬಾರದು, ಮೈಯ ಬಲವನ್ನು ಕೋಲಿಗೆ ಕೊಡುತ್ತಲೇ ಇರಬೇಕು. ಉಕ್ರೇನಿನ ಲುಹಾನ್ಸ್ಕ್‌ನ ಈ ಹುಡುಗ 1983ರಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಚಾಂಪಿಯನ್ ಆದಾಗ ವಯಸ್ಸು 19. 1985ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ 6 ಮೀಟರ್ ದಾಟಿದ. ಜಗತ್ತಿನಲ್ಲೇ ಮೊದಲಿಗ. ಎರಡು ಅಂತಸ್ತಿನ ಮಾಳಿಗೆಯಷ್ಟು ಎತ್ತರ ಅದು!

ಹಾಸ್ಟೆಲ್‌ನಲ್ಲಿ ಮಾತ್ರ ಅವನ ಬಗ್ಗೆ ಜಗಳ. ದಾಖಲೆಯನ್ನು ಒಂದೊಂದೇ ಸೆಂಟಿಮೀಟರ್ ಏರಿಸುತ್ತಾನೆ, ಪ್ರತಿ ದಾಖಲೆಗೂ ಬೋನಸ್ ಎಣಿಸುತ್ತಾನೆ ಅಂತ ಕೆಲವರ ತಕರಾರು. ಒಟ್ಟು 35 ಸಲ ವಿಶ್ವದಾಖಲೆ ಮುರಿದವನಿಗೆ ದುಡ್ಡು ಸಿಕ್ಕರೆ ಇವರಿಗೇನು ಹೊಟ್ಟೆ ಉರಿ? ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಇಲ್ಲ.

ಅಷ್ಟು ದೊಡ್ಡ ಆಟಗಾರನಿಗೆ ಒಲಿಂಪಿಕ್ಸ್ ಚಿನ್ನ ಒಂದೇ. 1988ರಲ್ಲಿ ಸೋಲ್‌ನಲ್ಲಿ 5.90 ಮೀಟರನ್ನು ಮೂರನೇ, ಕೊನೆಯ ಯತ್ನದಲ್ಲಿ ದಾಟಿದ. 1992ರ ಬಾರ್ಸಿಲೋನಾದಲ್ಲಿ ಒಂದು ಎತ್ತರವನ್ನೂ ದಾಟಲಿಲ್ಲ. 1996ರಲ್ಲಿ ಹಿಮ್ಮಡಿಯ ನೋವು, ಹಾರಲೇ ಇಲ್ಲ. ಸಿಡ್ನಿಯಲ್ಲೂ ಬರಿಗೈ. ಆದರೆ ವಿಶ್ವ ಚಾಂಪಿಯನ್‌ಷಿಪ್ ನೋಡಿ: 1983ರಿಂದ 1997ರವರೆಗೆ ನಡೆದ ಆರಕ್ಕೆ ಆರನ್ನೂ ಗೆದ್ದ. ನಾನು ಅವನನ್ನು ಅಳೆಯುವುದು ಇದರಿಂದಲೇ. ನಾಲ್ಕು ವರ್ಷಕ್ಕೊಮ್ಮೆ ಬರುವ ಒಂದು ದಿನಕ್ಕಿಂತ ಹದಿನಾಲ್ಕು ವರ್ಷ ಮೇಲೆಯೇ ಉಳಿಯುವುದು ಕಷ್ಟ ಅಲ್ವಾ?

1993ರಲ್ಲಿ ಡೊನೆಟ್ಸ್ಕ್‌ನ ಒಳಾಂಗಣದಲ್ಲಿ ಅವನು ಹಾರಿದ 6.15 ಮೀಟರ್ 21 ವರ್ಷ ನಿಂತಿತು. 2014ರಲ್ಲಿ ಫ್ರಾನ್ಸಿನ ರೆನೊ ಲಾವಿಲೆನಿ ಅದೇ ಊರಿಗೆ ಹೋಗಿ 6.16 ಹಾರಿದ. ನಮ್ಮ ಬಿಜಾಪುರ ವಿಜಯಪುರ ಆದದ್ದೂ ಅದೇ ವರ್ಷ. ಈಗ ಸ್ವೀಡನ್ನಿನ ಡುಪ್ಲಾಂಟಿಸ್ ಕಾಲ. ಅವನೂ ಒಂದೊಂದೇ ಸೆಂಟಿಮೀಟರ್ ಏರಿಸುತ್ತಾನೆ. ಹಾಸ್ಟೆಲ್‌ನ ಆ ತಕರಾರಿನ ಗೆಳೆಯರೇ ಈಗ ಅವನ ವಿಡಿಯೋ ನನಗೆ ಕಳಿಸುತ್ತಾರೆ.